ದಾಂಪತ್ಯಕ್ಕೆ ಪರವಾನಗಿ

ಉಭಯ ಕುಲದ ಹಿರಿಯರೆದುರಿಗೆ ಕೈಹಿಡಿದ ಗಂಡಹೆಂಡಿರು ಒಂದೇ ಸೂರಿನಡಿಯಲ್ಲಿ ಬಾಳುವುದಕ್ಕೆ ಸರ್ಕಾರವೊಂದರ ಅಪ್ಪಣೆಯನ್ನು ಬೇಡಬೇಕೆಂದು ಯಾರಾದರೂ ಹೇಳಿದ್ದರೆ ನಮ್ಮ ಅಜ್ಜಂದಿರು ಅದನ್ನು ವಿನೋದವೆಂದೆಣಿಸಿ ನಕ್ಕುಬಿಡುತ್ತಿದ್ದರು. ಇಂದು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ದಾವಣಗೆರೆಗಳ ಎಷ್ಟೋ ಮನೆಗಳಲ್ಲಿ ಅದು ನಗುವ ಮಾತಾಗಿ ಉಳಿದಿಲ್ಲ. ವರನು ಅಮೇರಿಕದ ಪ್ರಜೆ, ಇಲ್ಲವೆ ಇಂಗ್ಲೆಂಡಿನಲ್ಲಿ ನೆಲೆಸಿದವನು. ಮೂರು ವಾರದ ರಜೆಯ ಮೇಲೆ ಬಂದು, ಧಾರೆಯೆರೆಸಿಕೊಂಡು, ಚಪ್ಪರದ ಮಾವಿನೆಲೆ ಒಣಗುವ ಮೊದಲೇ ವಿಮಾನವೇರುತ್ತಾನೆ. ವಧುವು ತವರಿನಲ್ಲಿಯೇ ಉಳಿಯುತ್ತಾಳೆ. ಅವಳೊಡನೆ ಉಳಿಯುವುದು ಒಂದು ಕಾಗದಪತ್ರಗಳ ಕಟ್ಟು. ಕೆಲವು ಮನೆಗಳಲ್ಲಿ ಪರದೇಶದ ಪ್ರಜೆಯಾದವಳು ವಧುವೇ, ಕಾಯುವವನು ವರನು. ಯಾರೇ ಕಾಯಲಿ, 'ಪ್ರಯಾಣ ಯಾವಾಗ?' ಎಂದು ನೆರೆಹೊರೆಯವರು ಕೇಳುವ ಪ್ರಶ್ನೆಗೆ ಮೊದಲ ತಿಂಗಳಿನಲ್ಲಿದ್ದ ಉತ್ತರವೇ ವರ್ಷ ಕಳೆದರೂ ಉಳಿದಿರುವುದುಂಟು. ಆ ಹೊತ್ತಿಗೆ ಕೇಳುವವರ ಧ್ವನಿಯು ಮಾತ್ರ ಬದಲಾಗಿರುತ್ತದೆ.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯವೇನೆಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಲೇಸು. ತನ್ನ ಗಡಿಯೊಳಗೆ ಯಾರು ಬಂದು ನೆಲೆಸಬೇಕೆಂಬುದನ್ನು ನಿರ್ಧರಿಸುವ ಅಧಿಕಾರವು ಪ್ರತಿಯೊಂದು ರಾಷ್ಟ್ರಕ್ಕೂ ಉಂಟು. ಹಣಕ್ಕಾಗಿ ಕಾಗದದ ಮೇಲೆ ಮದುವೆಯಾಗಿ, ಹಡಗುಕಟ್ಟೆಯಲ್ಲೋ ವಿಮಾನ ನಿಲ್ದಾಣದಲ್ಲೋ ಒಬ್ಬರಿಗೊಬ್ಬರು ಬೆನ್ನು ತಿರುಗಿಸುವವರು ಲೋಕದಲ್ಲಿ ಇಲ್ಲದೆ ಇಲ್ಲ. ಆದುದರಿಂದ 'ಈ ವಿವಾಹವು ನಿಜವೇ?' ಎಂದು ವಿಚಾರಿಸುವುದು ಸರ್ಕಾರಕ್ಕೆ ತಕ್ಕುದೇ ಆಗಿದೆ. ಆದರೆ ವಿಚಾರಣೆಯು ಅಲ್ಲಿಗೆ ನಿಲ್ಲಬೇಕು. ನಿಜವೆಂದು ಕಂಡುಬಂದ ಮೇಲೆ ಗಂಡನ ಸಂಬಳವನ್ನು ತೂಗಿ ಹೆಂಡತಿಯನ್ನು ತಡೆಯುವುದಾಗಲಿ, ಕಾರಣವನ್ನು ಹೇಳದೆ ಬಾಗಿಲನ್ನು ಮುಚ್ಚುವುದಾಗಲಿ, ಗೊತ್ತುಗುರಿಯಿಲ್ಲದೆ ಕಾಯಿಸುವುದಾಗಲಿ ಯಾವ ಸುಸಂಸ್ಕೃತ ಸರ್ಕಾರಕ್ಕೂ ಭೂಷಣವಲ್ಲ. ಇಂಥ ತಡೆಯ ಕಹಿಯನ್ನು ನಮ್ಮ ಜನರು ಒಂದು ಶತಮಾನಕ್ಕೂ ಹಿಂದೆಯೇ ಉಂಡಿದ್ದಾರೆ. ಆ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

1913ರ ಮಾರ್ಚ್ 14ರಂದು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತ್ಯದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಸರ್ಲ್ ಎಂಬವರು ಒಂದು ತೀರ್ಪನ್ನಿತ್ತರು. ಅಲ್ಲಿ ನೆಲೆಸಿದ್ದ ಒಬ್ಬ ಭಾರತೀಯ ಮುಸಲ್ಮಾನನು ಊರಿಗೆ ಬಂದು, ತನ್ನ ಮತದ ವಿಧಿಯಂತೆ ಮದುವೆಯಾಗಿ, ಹೆಂಡತಿಯನ್ನು ಕರೆದುಕೊಂಡು ಹಿಂದಿರುಗಿದ್ದನು. ವಲಸೆಯ ಅಧಿಕಾರಿಗಳು ಆಕೆಯನ್ನು ಇಳಿಯಗೊಡಲಿಲ್ಲ. ಬಹುಪತ್ನೀತ್ವಕ್ಕೆ ಎಡೆಗೊಡುವ ಮತದ ವಿಧಿಯಿಂದ ನಡೆದ ವಿವಾಹವು ಆ ದೇಶದ ಕಾಯಿದೆಯ ಕಣ್ಣಿಗೆ ವಿವಾಹವೇ ಅಲ್ಲ, ಆದುದರಿಂದ ಬಂದವಳು ಹೆಂಡತಿಯಲ್ಲ ಎಂದು ನ್ಯಾಯಾಲಯವು ಅಧಿಕಾರಿಗಳನ್ನೇ ಎತ್ತಿಹಿಡಿಯಿತು. ಪತಿಗೆ ಇದ್ದವಳು ಒಬ್ಬಳೇ ಹೆಂಡತಿಯೆಂಬ ಸಂಗತಿಯು ಈ ತರ್ಕದ ಮುಂದೆ ನಿಲ್ಲಲಿಲ್ಲ. ಒಂದು ಲೇಖನಿಯ ಎಳೆತದಿಂದ ಆ ದೇಶದಲ್ಲಿದ್ದ ಹಿಂದೂ, ಮುಸಲ್ಮಾನ, ಪಾರಸೀ ಗೃಹಿಣಿಯರೆಲ್ಲರೂ ಧರ್ಮಪತ್ನಿಯ ಸ್ಥಾನದಿಂದ ಇಳಿದುಬಿಟ್ಟರು. ಅವರ ಮಕ್ಕಳ ಹಕ್ಕುಗಳೂ ಅವರೊಡನೆ ಇಳಿದವು.

ಅದುವರೆಗೆ ತಲೆಗಂದಾಯ, ರಹದಾರಿ, ವ್ಯಾಪಾರದ ಪರವಾನಗಿಗಳ ವಿಷಯದಲ್ಲಿ ಗಂಡಸರು ನಡೆಸುತ್ತಿದ್ದ ಹೋರಾಟವು ಅಡಿಗೆಮನೆಯನ್ನು ಹೊಕ್ಕಿತು. ಅದೇ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಅವರು ಫೀನಿಕ್ಸ್ ಆಶ್ರಮದ ಒಂದು ಚಿಕ್ಕ ತಂಡದೊಡನೆ ರಹದಾರಿಯಿಲ್ಲದೆ ನಟಾಲಿನಿಂದ ಟ್ರಾನ್ಸ್‌ವಾಲಿನ ಗಡಿಯನ್ನು ದಾಟಿ ಮೂರು ತಿಂಗಳ ಕಠಿಣ ಸಜೆಯನ್ನು ಪಡೆದರು. ಟ್ರಾನ್ಸ್‌ವಾಲಿನ ತಮಿಳು ಹೆಂಗಸರು ನ್ಯೂಕ್ಯಾಸಲ್ಲಿನ ಕಲ್ಲಿದ್ದಲ ಗಣಿಗಳಿಗೆ ಹೋಗಿ ಕೂಲಿಗಳನ್ನು ಎಬ್ಬಿಸಿದರು. ಸಾವಿರಾರು ಜನ ಕೆಲಸವನ್ನು ಬಿಟ್ಟು ಹೊರಬಂದರು. ಜೋಹಾನ್ಸ್‌ಬರ್ಗಿನ ವಳ್ಳಿಯಮ್ಮ ಎಂಬ ಎಳೆಯ ಹುಡುಗಿ ಸೆರೆಮನೆಯಿಂದ ಜ್ವರವನ್ನು ಹೊತ್ತು ಹೊರಬಂದು 1914ರ ಫೆಬ್ರವರಿಯಲ್ಲಿ ತೀರಿಕೊಂಡಳು. ಕಡೆಗೆ 1914ರ ಭಾರತೀಯರ ಪರಿಹಾರ ಕಾಯಿದೆಯು ಏಕಪತ್ನೀಕ ವಿವಾಹಗಳನ್ನು ಮನ್ನಿಸಿತು. ಮೂರು ಪೌಂಡಿನ ತಲೆಗಂದಾಯವು ರದ್ದಾಯಿತೆಂಬುದನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಆ ಸತ್ಯಾಗ್ರಹಕ್ಕೆ ಹೆಂಗಸರನ್ನು ಎಳೆತಂದುದು ಮದುವೆಯ ಮಾನವೆಂಬುದನ್ನು ಮರೆಯುವವರೇ ಹೆಚ್ಚು. ಪತ್ನಿಗೆ ಪ್ರವೇಶವೀಯುವ ವಿಷಯವನ್ನು ಯಾವುದೋ ಇಲಾಖೆಯ ಸಣ್ಣ ಕಾರಭಾರವೆಂದು ತಿಳಿಯುವ ನಮ್ಮ ಅಧಿಕಾರಿಗಳು ಇದನ್ನು ಜ್ಞಾಪಕದಲ್ಲಿಟ್ಟುಕೊಂಡರೆ ಒಳ್ಳೆಯದು.

ನಾಲ್ಕು ವರ್ಷಗಳ ತರುವಾಯ, 1918ರಲ್ಲಿ, ಲಂಡನ್ನಿನಲ್ಲಿ ಕೂಡಿದ ಸಾಮ್ರಾಜ್ಯದ ಯುದ್ಧ ಪರಿಷತ್ತು ವಸಾಹತುಗಳಲ್ಲಿ ಸ್ಥಿರವಾಗಿ ನೆಲೆಸಿದ್ದ ಭಾರತೀಯರು ಒಬ್ಬ ಹೆಂಡತಿಯನ್ನೂ ಅಪ್ರಾಪ್ತ ಮಕ್ಕಳನ್ನೂ ಕರೆಸಿಕೊಳ್ಳಬಹುದೆಂದು ಒಪ್ಪಿತು. ಅದಕ್ಕೆ ಒಂದು ನಿಬಂಧನೆಯಿತ್ತು: ಬರುವವಳು ಧರ್ಮಪತ್ನಿಯೇ ಹೌದೆಂದು ಭಾರತ ಸರ್ಕಾರವು ಪ್ರಮಾಣಪತ್ರ ಕೊಡಬೇಕು. ಇಂದು ನಮ್ಮ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಸರದಿ ನಿಂತಿರುವ ನವದಂಪತಿಗಳು ಕೈನೀಡಿ ಪಡೆಯುವ ವಿವಾಹ ಪ್ರಮಾಣಪತ್ರಕ್ಕೆ ಹೀಗೆ ಒಂದು ಹಳೆಯ ಪೂರ್ವಿಕನಿದ್ದಾನೆ.

ಇನ್ನು ಇಂಗ್ಲೆಂಡಿನ ಮಾತು. ಸಾಮ್ರಾಜ್ಯವು ಮುಗಿದ ಮೇಲೆ ಆ ದೇಶವು ತನ್ನ ಹಳೆಯ ಪ್ರಜೆಗಳ ಹೆಂಡಿರನ್ನು ನಡೆಸಿಕೊಂಡ ರೀತಿಯು ಅದರ ಮಿತ್ರರಿಗೂ ನಾಚಿಕೆಯನ್ನು ತರುವಂಥದು. 1979ರ ಜನವರಿಯಲ್ಲಿ ಲಂಡನ್ನಿನ ಹೀತ್ರೂ ವಿಮಾನ ನಿಲ್ದಾಣದಲ್ಲಿ ಇಳಿದ 35 ವರ್ಷ ವಯಸ್ಸಿನ ಭಾರತೀಯ ಉಪಾಧ್ಯಾಯಿನಿಯೊಬ್ಬರು ತಾವು ಅಲ್ಲಿರುವ ವರನನ್ನು ಮದುವೆಯಾಗಲು ಬಂದವರೆಂದು ಹೇಳಿದರು. ಮದುವೆಯಾಗಲು ಬರುವ ಕನ್ಯೆಗೆ ಮುಂಗಡ ಅಪ್ಪಣೆ ಬೇಕಿರಲಿಲ್ಲ. ಮದುವೆಯಾಗಿಬಿಟ್ಟ ಹೆಂಡತಿಗೆ ಬೇಕಿತ್ತು. ಈಕೆ ಕನ್ಯೆಯೋ ಹೆಂಡತಿಯೋ ಎಂದು ತಿಳಿಯಲು ಅಲ್ಲಿಯ ಅಧಿಕಾರಿಗಳು ವೈದ್ಯನಿಂದ ಆಕೆಯ ದೇಹವನ್ನು ಪರೀಕ್ಷೆ ಮಾಡಿಸಿದರು. ಫೆಬ್ರವರಿ 1ರಂದು 'ಗಾರ್ಡಿಯನ್' ಪತ್ರಿಕೆಯು ಇದನ್ನು ಬಯಲಿಗೆಳೆಯಿತು, ಭಾರತದಲ್ಲಿ ಆಕ್ರೋಶವೆದ್ದಿತು, ಆ ಪರೀಕ್ಷೆಯನ್ನು ನಿಲ್ಲಿಸಿದರು. ಎಲ್ಲೋ ಒಂದು ಕಡೆ ಯಾರೋ ಒಬ್ಬ ಅಧಿಕಾರಿ ತಪ್ಪಿದನೆಂದು ಸಮಾಧಾನ ಪಡುವಂತೆಯೂ ಇಲ್ಲ. ದಶಕಗಳ ನಂತರ ವಿದ್ವಾಂಸರು ಸರ್ಕಾರಿ ಕಡತಗಳನ್ನು ತಿರುವಿದಾಗ ನಮ್ಮ ಉಪಖಂಡದ ಹೆಂಗಸರ ಮೇಲೆ ಇಂಥ ಪರೀಕ್ಷೆ ನಡೆದ ಸುಮಾರು 80 ಪ್ರಸಂಗಗಳು ಸಿಕ್ಕವು. ಅವುಗಳಲ್ಲಿ ಎಷ್ಟೋ ನಡೆದುದು ನಮ್ಮ ದೇಶದಲ್ಲಿಯೇ ಇದ್ದ ಬ್ರಿಟಿಷ್ ಕಚೇರಿಗಳಲ್ಲಿ.

ದೇಹವನ್ನು ಬಿಟ್ಟವರು ಮನಸ್ಸನ್ನು ಹಿಡಿದುಕೊಂಡರು. 1980ರಿಂದ ಅಲ್ಲಿ ಒಂದು ಹೊಸ ನಿಯಮವು ಜಾರಿಗೆ ಬಂತು. ಮದುವೆಯು ನಿಜವಾದುದೆಂದು ತೋರಿಸಿದರೆ ಸಾಲದು. ಆ ಮದುವೆಯ ಮುಖ್ಯೋದ್ದೇಶವು ಇಂಗ್ಲೆಂಡಿಗೆ ಬರುವುದಾಗಿರಲಿಲ್ಲವೆಂದು ಅರ್ಜಿದಾರನು ಸಿದ್ಧಮಾಡಬೇಕು. ಇಲ್ಲದುದನ್ನು ಇಲ್ಲವೆಂದು ಸಾಧಿಸುವುದು ಎಷ್ಟು ಕಷ್ಟವೆಂಬುದನ್ನು ನ್ಯಾಯವಾದಿಗಳಾದ ನಮ್ಮ ವಾಚಕರು ಬಲ್ಲರು. ಹಿರಿಯರು ನೋಡಿ ಗೊತ್ತುಮಾಡಿದ ಮದುವೆಗಳಲ್ಲಂತೂ ಇದು ಅಸಾಧ್ಯಕ್ಕೆ ಸಮೀಪವಾದುದು. ವರನು ಹುಡುಗಿಯನ್ನು ನೋಡಿದ್ದು ಎರಡೇ ಸಲ. ಆಕೆ ಇಂಗ್ಲೆಂಡಿನಲ್ಲಿ ಹುಟ್ಟಿದವಳು. ಮದುವೆಯ ನಂತರ ಎಲ್ಲಿ ಇರುವೆಯೆಂದರೆ ಆಕೆಯ ಮನೆಯಲ್ಲಿ ಎಂದನು. ಇಷ್ಟೇ ಸಾಕು, ಅವನ ಮುಖ್ಯೋದ್ದೇಶವು ಬಯಲಾಯಿತೆಂದು ಅಧಿಕಾರಿ ಬರೆದುಕೊಳ್ಳಬಹುದಾಗಿತ್ತು. ಈ ನಿಯಮವು ಹದಿನೇಳು ವರ್ಷ ನಡೆದು 1997ರಲ್ಲಿ ತೊಲಗಿತು.

ಅದರ ನಡುವೆ ಒಂದು ವಿಚಿತ್ರವು ನಡೆಯಿತು. ಗಂಡಸು ತನ್ನ ಹೆಂಡತಿಯನ್ನು ಸುಲಭವಾಗಿ ಕರೆಸಿಕೊಳ್ಳಬಹುದು, ಹೆಂಗಸು ತನ್ನ ಗಂಡನನ್ನು ಕರೆಸಿಕೊಳ್ಳಲು ಮಾತ್ರ ನೂರು ವಿಘ್ನ ಎಂಬ ತಾರತಮ್ಯದ ವಿರುದ್ಧ ಮೂವರು ಹೆಂಗಸರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ದೂರಿತ್ತರು. 1985ರ ಮೇ 28ರಂದು ನ್ಯಾಯಾಲಯವು ಅವರ ಪಕ್ಷವನ್ನು ಎತ್ತಿಹಿಡಿಯಿತು. ಬ್ರಿಟಿಷ್ ಸರ್ಕಾರವು ತೀರ್ಪಿಗೆ ತಲೆಬಾಗಿತು. ಹೇಗೆಂದರೆ, ಗಂಡಂದಿರ ಮೇಲಿದ್ದ ವಿಘ್ನಗಳನ್ನು ತೆಗೆಯುವ ಬದಲು ಹೆಂಡಿರ ಮೇಲೆಯೂ ಅವನ್ನೇ ಹೇರಿತು. ಸಮಾನತೆಯು ಹೀಗೂ ಸಿದ್ಧಿಸುವುದೆಂದು ನಮ್ಮ ದೇಶದ ಧರ್ಮಶಾಸ್ತ್ರಕಾರರಿಗೂ ಹೊಳೆದಿರಲಾರದು!

ಇಂದಿನ ಇಂಗ್ಲೆಂಡಿನಲ್ಲಿ ಜಾತಿಮತಗಳ ಮಾತಿಲ್ಲ, ಉದ್ದೇಶದ ಶೋಧನೆಯೂ ಹಿಂದಿನಂತಿಲ್ಲ. ಆ ಸ್ಥಾನದಲ್ಲಿ ಕೂತಿರುವುದು ಹಣದ ಚೀಲ. 2012ರ ಜುಲೈಯಲ್ಲಿ, ಪರದೇಶದ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳುವವರಿಗೆ ವರ್ಷಕ್ಕೆ 18,600 ಪೌಂಡಿನ ವರಮಾನವಿರಬೇಕೆಂದು ವಿಧಿಸಿದರು. 2024ರ ಏಪ್ರಿಲಿನಲ್ಲಿ ಅದನ್ನು 29,000 ಪೌಂಡಿಗೆ ಏರಿಸಿದರು. 38,700ಕ್ಕೆ ಒಯ್ಯುವ ಸಂಕಲ್ಪವೂ ಪ್ರಕಟವಾಗಿತ್ತು. ಆ ವರ್ಷದ ಚುನಾವಣೆಯ ತರುವಾಯ ಬಂದ ಸರ್ಕಾರವು ಅದನ್ನು ತಡೆದು, ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಈ ನಿಯಮಕ್ಕೆ ಒಳಪಡುವವರಲ್ಲಿ ಅಲ್ಲಿಯೇ ಹುಟ್ಟಿ ಬೆಳೆದ ಆಂಗ್ಲರೂ ಉಂಟೆಂಬುದನ್ನು ನಮ್ಮವರು ಗಮನಿಸಬೇಕು. ಅಂಗಡಿಯಲ್ಲಿ ಮಾರಾಟಕ್ಕೆ ನಿಂತವನು, ವೃದ್ಧರ ಶುಶ್ರೂಷೆ ಮಾಡುವ ದಾದಿ, ಅರ್ಧ ಹೊತ್ತು ದುಡಿದು ಅರ್ಧ ಹೊತ್ತು ಕೂಸನ್ನು ನೋಡಿಕೊಳ್ಳುವ ತಾಯಿ, ಇವರು ತಮ್ಮ ಹೊಟ್ಟೆಗೆ ಸರ್ಕಾರದ ಬಳಿ ಕೈಯೊಡ್ಡದಿದ್ದರೂ ದಾಂಪತ್ಯಕ್ಕೆ ಅನರ್ಹರು. 2017ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಮಕ್ಕಳ ಹಿತವನ್ನು ನಿಯಮಗಳು ಸರಿಯಾಗಿ ಲೆಕ್ಕಕ್ಕೆ ಹಿಡಿದಿಲ್ಲವೆಂದು ಆಕ್ಷೇಪಿಸಿತಾದರೂ ವರಮಾನದ ಮೂಲ ನಿಯಮವನ್ನು ನ್ಯಾಯವಿರುದ್ಧವೆನ್ನಲಿಲ್ಲ. ಕಾಯಿದೆಯ ದೃಷ್ಟಿಯಿಂದ ಅದು ಸರಿಯಿರಬಹುದು. ಬಡವನ ಮದುವೆಯು ಧನಿಕನ ಮದುವೆಗಿಂತ ಕಡಿಮೆ ಮದುವೆಯೆಂಬ ತತ್ತ್ವವನ್ನು ನಾವು ಮಾತ್ರ ಒಪ್ಪಲಾರೆವು.

ಅಮೇರಿಕದ ಪದ್ಧತಿಯು ಈ ಒಂದು ವಿಷಯದಲ್ಲಿ ಹೆಚ್ಚು ವಿವೇಕದ್ದು. ಅಲ್ಲಿಯೂ ಪತಿಯು ಜಾಮೀನುಪತ್ರವನ್ನು ಬರೆದುಕೊಡಬೇಕು. ಆದರೆ ಬೇಕಾದ ವರಮಾನವು ಸರ್ಕಾರವು ಗೊತ್ತುಪಡಿಸಿದ ಬಡತನದ ರೇಖೆಯ ನೂರಕ್ಕೆ 125ರಷ್ಟು ಮಾತ್ರ. ಅವನಿಗೆ ಅಷ್ಟಿಲ್ಲದಿದ್ದರೆ ಮತ್ತೊಬ್ಬನು ಜೊತೆಯ ಜಾಮೀನುದಾರನಾಗಿ ನಿಲ್ಲಬಹುದು. ಪ್ರಜೆಯಾದವನ ಹೆಂಡತಿಗೆ ವಾರ್ಷಿಕ ಸಂಖ್ಯೆಯ ಮಿತಿಯೂ ಇಲ್ಲ. ಪ್ರಜೆಯಾಗದೆ 'ಗ್ರೀನ್ ಕಾರ್ಡು' ಮಾತ್ರ ಪಡೆದವನ ಹೆಂಡತಿಗೆ ಆ ಮಿತಿಯುಂಟು. ಆದುದರಿಂದ ಅವಳ ಸರದಿಯು ಬೇರೆ. ಅರ್ಜಿಯು ಮೊದಲು ವಲಸೆಯ ಇಲಾಖೆಗೆ, ಅಲ್ಲಿಂದ ನ್ಯೂ ಹ್ಯಾಂಪ್‌ಷೈರಿನಲ್ಲಿರುವ ವೀಸಾ ಕೇಂದ್ರಕ್ಕೆ, ಅಲ್ಲಿಂದ ನಮ್ಮ ದೇಶದ ಕಾನ್ಸುಲೇಟಿಗೆ ಸಾಗುತ್ತದೆ. ಪೋಲೀಸರ ಯೋಗ್ಯತಾಪತ್ರ, ಗೊತ್ತುಮಾಡಿದ ವೈದ್ಯರಿಂದ ದೇಹಪರೀಕ್ಷೆ, ಜನನಪತ್ರ, ವಿವಾಹಪತ್ರ, ಹಿಂದೆ ಮದುವೆಯಾಗಿದ್ದರೆ ಅದು ಮುರಿದ ತೀರ್ಪು, ಇವೆಲ್ಲವೂ ಸೇರಿದ ಮೇಲೆ ಸಂದರ್ಶನ. ಕರ್ನಾಟಕದ ಹೆಣ್ಣುಮಗಳು ಅದಕ್ಕಾಗಿ ಮುಂಬಯಿಗೆ ಹೋಗುವುದು ರೂಢಿಯಾಗಿದೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೇರಿಕದ ಕಾನ್ಸುಲೇಟಿನ ಉದ್ಘಾಟನೆಯಾದಾಗ ಜನರು ಹಿಗ್ಗಿದರು. ಆದರೆ ವೀಸಾ ಕೊಡುವ ಏರ್ಪಾಡು ಆಗ ಅಲ್ಲಿರಲಿಲ್ಲ.

ಹಣದಲ್ಲಿ ಉದಾರವಾದ ಈ ಪದ್ಧತಿಯು ಮಾತಿನಲ್ಲಿ ಬಲು ಜಿಪುಣ. ಕಿಟಕಿಯ ಆಚೆ ಕುಳಿತ ಅಧಿಕಾರಿಯು ಬೇಡವೆಂದರೆ ಅವನ ನಿರ್ಣಯವನ್ನು ಪ್ರಶ್ನಿಸಲು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇದರ ಪರಿಣಾಮವು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ 2024ರಲ್ಲಿ ತೀರ್ಮಾನವಾದ ಮುನೋಜ್ ಪ್ರಕರಣವು ಸಾಕ್ಷಿಯಾಗಿದೆ. ಫಿರ್ಯಾದಿಯಾದ ಮಹಿಳೆಯು ಅಮೇರಿಕದ ಪ್ರಜೆ, ವೃತ್ತಿಯಿಂದ ವಕೀಲೆ. 2010ರಲ್ಲಿ ಎಲ್ ಸಾಲ್ವಡಾರ್ ದೇಶದವನೊಬ್ಬನನ್ನು ಮದುವೆಯಾದಳು. ವೀಸಾಕ್ಕಾಗಿ ತನ್ನ ದೇಶಕ್ಕೆ ಹೋದ ಗಂಡನಿಗೆ 2015ರಲ್ಲಿ ಅಲ್ಲಿಯ ಕಾನ್ಸುಲೇಟು ಕಾಯಿದೆಯ ಒಂದು ಕಲಮಿನ ಸಂಖ್ಯೆಯನ್ನು ಮಾತ್ರ ತಿಳಿಸಿ ವೀಸಾವನ್ನು ನಿರಾಕರಿಸಿತು. ಅವನು ಒಂದು ಪಾತಕಿಗಳ ಗುಂಪಿಗೆ ಸೇರಿದವನೆಂಬ ಅನುಮಾನವೇ ಕಾರಣವೆಂದು ಹೊರಬಿದ್ದುದು ವ್ಯಾಜ್ಯ ಹೂಡಿದ ಮೇಲೆ, ವರ್ಷಗಳ ನಂತರ. ಅವನ ಮೈಮೇಲಿನ ಹಚ್ಚೆಗಳು ಅನುಮಾನಕ್ಕೆ ಎಡೆಕೊಟ್ಟಿದ್ದವೆಂದೂ, ಆ ಹಚ್ಚೆಗಳಿಗೂ ಗುಂಪಿಗೂ ಸಂಬಂಧವಿಲ್ಲವೆಂದೂ ಆಕೆಯ ಕಡೆಯವರು ವಾದಿಸಿದರು. ವಾದದ ಸತ್ಯಾಸತ್ಯವನ್ನು ನಾವು ನಿರ್ಣಯಿಸಲಾರೆವು. ಆದರೆ ಜೂನ್ 21ರಂದು ಅಮೇರಿಕದ ಸುಪ್ರೀಂ ಕೋರ್ಟು, ಆರು ಮಂದಿ ಒಂದು ಕಡೆಗೂ ಮೂವರು ಮತ್ತೊಂದು ಕಡೆಗೂ ಆಗಿ, ಪರದೇಶದವನಾದ ಗಂಡನು ದೇಶದೊಳಗೆ ಬರಬೇಕೆಂಬ ವಿಷಯದಲ್ಲಿ ಪ್ರಜೆಯಾದ ಹೆಂಡತಿಗೆ ಯಾವ ಮೂಲಭೂತ ಹಕ್ಕೂ ಇಲ್ಲವೆಂದು ಹೇಳಿತು. ಎಂದಮೇಲೆ, ಮದುವೆಯಾಗುವ ಸ್ವಾತಂತ್ರ್ಯವು ಆಕೆಗೆ ಉಂಟು. ಮದುವೆಯಾದವನೊಡನೆ ತನ್ನ ದೇಶದಲ್ಲಿ, ತನ್ನ ಮನೆಯಲ್ಲಿ ಇರುವುದು ಅಧಿಕಾರಿಯ ಅನುಗ್ರಹ. ಸ್ವಾತಂತ್ರ್ಯದ ಪೀಠವೆಂದು ಹೆಸರಾದ ದೇಶದಲ್ಲಿ ಇಂಥ ನ್ಯಾಯವನ್ನು ಕಂಡಾಗ 1913ರ ನ್ಯಾಯಮೂರ್ತಿಯ ನೆರಳು ನಮ್ಮ ಕಣ್ಣಮುಂದೆ ಸುಳಿದರೆ ಆಶ್ಚರ್ಯವೇನು?

ಬಾಗಿಲೊಳಗೆ ಬಂದವಳಿಗೂ ಪರೀಕ್ಷೆ ತಪ್ಪಿದ್ದಲ್ಲ. ಪ್ರವೇಶದ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಅವಳಿಗೆ ಸಿಗುವುದು ಎರಡು ವರ್ಷದ ಷರತ್ತಿನ ವಾಸ. 1986ರ ಕಾಯಿದೆಯಿಂದ ಬಂದ ನಿಬಂಧನೆಯಿದು. ಅವಧಿ ಮುಗಿಯುವ ಮುಂಚಿನ 90 ದಿನಗಳೊಳಗೆ ಗಂಡಹೆಂಡಿರಿಬ್ಬರೂ ರುಜು ಹಾಕಿ ಅರ್ಜಿಯನ್ನು ಕೊಡಬೇಕು. ಸುಖವಾಗಿರುವ ದಂಪತಿಗಳಿಗೆ ಇದು ಒಂದು ರುಜುವಿನ ಕೆಲಸ. ಗಂಡನು ದುಷ್ಟನಾದರೆ ಆ ರುಜುವೇ ಅವನ ಕೈಯ ಕೋಲಾಗುತ್ತದೆ. ಹೊಡೆತ ತಿಂದವಳು ಗಂಡನ ರುಜುವಿಲ್ಲದೆಯೇ ಅರ್ಜಿ ಕೊಡಬಹುದೆಂದು 1990ರಲ್ಲಿ ತಿದ್ದುಪಡಿ ಮಾಡಿದರು. 1994ರ ಕಾಯಿದೆಯು ಅಂಥವಳಿಗೆ ಇನ್ನಷ್ಟು ರಕ್ಷಣೆಯನ್ನು ಕೊಟ್ಟಿತು. ಇದು ಶ್ಲಾಘನೀಯ. ಆದರೆ ಹಾಸನದಿಂದಲೋ ಗದಗಿನಿಂದಲೋ ಹೋದ ಹುಡುಗಿಗೆ, ಭಾಷೆಯ ಸಲಿಗೆಯಿಲ್ಲದ ಊರಿನಲ್ಲಿ, ಪಾಸ್‌ಪೋರ್ಟು ಗಂಡನ ಪೆಟ್ಟಿಗೆಯೊಳಗಿರುವಾಗ, ಈ ತಿದ್ದುಪಡಿಯ ಸುದ್ದಿಯನ್ನು ಹೇಳುವವರು ಯಾರು? ನಮ್ಮ ಕನ್ನಡ ಕೂಟಗಳು ಯುಗಾದಿ ರಾಜ್ಯೋತ್ಸವಗಳಲ್ಲಿ ತೋರುವ ಉತ್ಸಾಹದ ಒಂದು ಪಾಲನ್ನು ಈ ಕಡೆಗೆ ತಿರುಗಿಸಿದರೆ ದೊಡ್ಡ ಉಪಕಾರವಾದೀತು.

ಇನ್ನು ನಮ್ಮ ಆಚಾರಗಳಿಗೂ ಅಲ್ಲಿಯ ಕಾಗದಗಳಿಗೂ ಬೀಳುವ ತೊಡಕು. ಮೊದಲನೆಯದು ಹೆಸರಿನದು. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೆಂಬುದಿಲ್ಲ. ಊರಿನ ಒಂದಕ್ಷರ, ತಂದೆಯ ಒಂದಕ್ಷರ, ಆಮೇಲೆ ಇಟ್ಟ ಹೆಸರು. ಮದುವೆಯಾದ ಮೇಲೆ ಹೆಣ್ಣಿನ ಹೆಸರಿನ ಹಿಂದೆ ತಂದೆಯ ಅಕ್ಷರ ಹೋಗಿ ಗಂಡನ ಅಕ್ಷರ ಬರುತ್ತದೆ. ಶಾಲೆಯ ಪತ್ರದಲ್ಲಿ ಒಂದು, ಆಧಾರಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗವು ಬರಿದಾಗಿದ್ದರೆ ಅಮೇರಿಕದವರು ಇಟ್ಟ ಹೆಸರನ್ನೇ ಕುಲನಾಮದ ಜಾಗಕ್ಕೆ ಸರಿಸಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರೆಯುತ್ತಾರೆ. ಹೆಸರು ತಿಳಿಯದು ಎಂದು ಅದರ ಅರ್ಥ. ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಮೂರು ಸಲ ಕೂಗಿ ಹೆಸರಿಟ್ಟ ಮಗಳು ಅಲ್ಲಿ ಅನಾಮಧೇಯಳು. ಇದರಲ್ಲಿ ಅವರ ದ್ವೇಷವೇನೂ ಇಲ್ಲ. ಅವರ ನಮೂನೆಯು ನಮ್ಮ ಪದ್ಧತಿಯನ್ನು ಅರಿಯದು, ಅಷ್ಟೇ. ಆದರೆ ಪಾಸ್‌ಪೋರ್ಟು ಮಾಡಿಸುವ ದಿನವೇ ನಮ್ಮ ಕಚೇರಿಯ ಗುಮಾಸ್ತನು ಈ ಒಂದು ಮಾತನ್ನು ಅರ್ಜಿದಾರರಿಗೆ ಎಚ್ಚರಿಸಿದ್ದರೆ ಮುಂದಿನ ಎಷ್ಟೋ ಪ್ರಮಾಣಪತ್ರಗಳ ಓಡಾಟವು ತಪ್ಪುತ್ತಿತ್ತು.

ಎರಡನೆಯದು ಮದುವೆಯ ರೂಪ. ಸಾವಿರ ಜನಕ್ಕೆ ಊಟ ಹಾಕಿ, ಭಾವಚಿತ್ರಗಳ ಮೂರು ಸಂಪುಟಗಳನ್ನು ಮಾಡಿಸಿದ ಮದುವೆಯು ಅಧಿಕಾರಿಯ ಕಣ್ಣಿಗೆ ನಿಜವಾಗಿ ಕಾಣುವುದು ಸುಲಭ. ಮಂತ್ರಮಾಂಗಲ್ಯದ ಸರಳ ವಿಧಿಯಿಂದ ಇಪ್ಪತ್ತು ಜನರ ಮುಂದೆ ಮದುವೆಯಾದವರು, ಆಡಂಬರವನ್ನು ತೊರೆದ ತಮ್ಮ ಆದರ್ಶಕ್ಕೆ ಇಲ್ಲಿ ದಂಡ ತೆರಬೇಕಾದೀತೆಂಬ ಅಂಜಿಕೆಯುಂಟು. ದುಂದುಗಾರಿಕೆಯನ್ನು ಸತ್ಯದ ಸಾಕ್ಷಿಯೆಂದು ಎಣಿಸುವ ಪರೀಕ್ಷೆಯು ಪರೀಕ್ಷೆಯೆನಿಸಲಾರದು. ಹೀಗೆ ಮದುವೆಯಾದವರು ಉಪನೋಂದಣಾಧಿಕಾರಿಯ ಕಚೇರಿಗೆ ಮರುದಿನವೇ ಹೋಗುವುದು ಕ್ಷೇಮ.

ಮೂರನೆಯದು ಹೆಚ್ಚು ಸೂಕ್ಷ್ಮವಾದುದು, ಬಹಿರಂಗವಾಗಿ ಚರ್ಚಿಸಲು ನಮ್ಮವರು ಸಂಕೋಚಪಡುವಂಥದು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದೂ, ಸೋದರತ್ತೆಯ ಮಗನಿಗೆ ಮಗಳನ್ನು ಕೊಡುವುದೂ ನಮ್ಮ ನಾಡಿನ ಅನೇಕ ಕುಲಗಳಲ್ಲಿ ನಡೆದುಬಂದ ರೂಢಿ. 1955ರ ಹಿಂದೂ ವಿವಾಹ ಕಾಯಿದೆಯು ನಿಷಿದ್ಧ ಸಂಬಂಧಗಳನ್ನು ಹೇಳುವಾಗ ರೂಢಿಯು ಒಪ್ಪಿದ್ದರೆ ಅಂಥ ವಿವಾಹವನ್ನು ಮನ್ನಿಸುತ್ತದೆ. ಆದರೆ ಕ್ಯಾಲಿಫೋರ್ನಿಯದ ಕಾಯಿದೆಯಲ್ಲಿ ಮಾವ ಸೊಸೆಯರ ವಿವಾಹವು ಅಸಿಂಧು. ಟೆಕ್ಸಾಸಿನಲ್ಲಿ 2005ರಿಂದ ಅತ್ತೆಯ ಮಗನೊಡನೆ ಮದುವೆಗೂ ಪರವಾನಗಿ ದೊರೆಯದು. ಮದುವೆಯು ನಡೆದ ಸ್ಥಳದಲ್ಲಿ ಸಿಂಧುವಾಗಿದ್ದರೆ ಎಲ್ಲೆಡೆಯೂ ಸಿಂಧು ಎಂಬುದು ಅಮೇರಿಕದ ವಲಸೆಯ ಸಾಮಾನ್ಯ ನಿಯಮವಾದರೂ, ದಂಪತಿಗಳು ನೆಲೆಸಲಿರುವ ಸಂಸ್ಥಾನದ ನೀತಿಗೆ ಅದು ತೀರ ವಿರುದ್ಧವೆಂದು ಕಂಡರೆ ತಡೆಯಬಹುದೆಂಬ ಅಪವಾದವೂ ಉಂಟು. ಇಂಥ ರೂಢಿಯನ್ನು ನಾವು ಎತ್ತಿಹಿಡಿಯುವವರಲ್ಲ. ವೈದ್ಯರು ಕೊಡುವ ಎಚ್ಚರಿಕೆಯನ್ನು ವಿದ್ಯಾವಂತ ಕುಟುಂಬಗಳು ಕೇಳಬೇಕೆಂದೇ ನಮ್ಮ ಆಶಯ. ಆದರೆ ಹತ್ತು ವರ್ಷ ಸಂಸಾರ ಮಾಡಿ ಮಕ್ಕಳನ್ನು ಪಡೆದವಳನ್ನು ಕಿಟಕಿಯ ಮುಂದೆ ನಿಲ್ಲಿಸಿ 'ನೀನು ಹೆಂಡತಿಯಲ್ಲ' ಎನ್ನುವುದು ಕೇಪ್ ಟೌನಿನ ಮಾತೇ ಅಲ್ಲವೆ? ನೆಂಟಸ್ತಿಕೆಯನ್ನು ಬೆಳೆಸುವ ಮುನ್ನ ಹಿರಿಯರು ಜಾತಕವನ್ನು ತೋರಿಸುವಂತೆ ಈ ಒಂದು ಕಾಯಿದೆಯನ್ನೂ ಬಲ್ಲವರಿಗೆ ತೋರಿಸಲಿ.

ಪರರ ಮನೆಯ ಲೆಕ್ಕವನ್ನು ಇಷ್ಟು ನೋಡಿದ ಮೇಲೆ ನಮ್ಮ ಮನೆಯದನ್ನು ನೋಡದೆ ಬಿಡಲಾಗದು. ಭಾರತದ ಪ್ರಜೆಯನ್ನು ಮದುವೆಯಾದ ಪರದೇಶದ ಹೆಣ್ಣಾಗಲಿ ಗಂಡಾಗಲಿ 1955ರ ಪೌರತ್ವ ಕಾಯಿದೆಯಂತೆ ನಮ್ಮ ಪ್ರಜೆಯಾಗಲು ಏಳು ವರ್ಷ ಇಲ್ಲಿ ವಾಸಿಸಿರಬೇಕು. ಸಾಗರೋತ್ತರ ಪೌರನೆಂಬ ಚೀಟಿಯನ್ನು ಪಡೆಯಲು ಮದುವೆಯು ನೋಂದಣಿಯಾಗಿ ಎರಡು ವರ್ಷ ನಿರಂತರವಾಗಿ ನಡೆದಿರಬೇಕು. ವಿಚ್ಛೇದನವಾದರೆ ಚೀಟಿಯನ್ನು ಕಿತ್ತುಕೊಳ್ಳಬಹುದೆಂಬ ನಿಬಂಧನೆಯೂ ಇದೆ. ಇಲ್ಲಿ ಹುಟ್ಟಿದ ಮಕ್ಕಳ ತಾಯಿಯು, ಗಂಡನು ಬಿಟ್ಟನೆಂಬ ಕಾರಣದಿಂದ ಮಕ್ಕಳಿರುವ ದೇಶದಲ್ಲಿ ನಿಲ್ಲುವ ನೆಲೆಯನ್ನೇ ಕಳೆದುಕೊಳ್ಳುವ ಸಂಭವವುಂಟು. ಅಮೇರಿಕದ ಷರತ್ತಿನ ವಾಸವನ್ನು ಕುರಿತು ನಾವು ಆಡಿದ ಮಾತನ್ನು ಆ ದೇಶದವರು ನಮಗೇ ತಿರುಗಿಸಿ ಆಡಿದರೆ ಉತ್ತರವೇನಿದೆ?

ಮದುವೆಯ ನೋಂದಣಿಯ ವಿಷಯದಲ್ಲಿ 2006ರಲ್ಲಿಯೇ ನಮ್ಮ ಸುಪ್ರೀಂ ಕೋರ್ಟು ಎಲ್ಲ ಮತದವರ ವಿವಾಹಗಳನ್ನೂ ಕಡ್ಡಾಯವಾಗಿ ನೋಂದಾಯಿಸಬೇಕೆಂದು ರಾಜ್ಯಗಳಿಗೆ ಆಜ್ಞಾಪಿಸಿತು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ 1976ರ ಕಾಯಿದೆಯೆಂಬ ಹೆಸರಿನ ಕಾಯಿದೆಯಿತ್ತು. 2024ರಲ್ಲಿ 'ಕಾವೇರಿ' ತಂತ್ರಾಂಶದ ಮೂಲಕ ಮನೆಯಿಂದಲೇ ಹಿಂದೂ ವಿವಾಹದ ನೋಂದಣಿಗೆ ಅರ್ಜಿ ಹಾಕುವ ಸೌಕರ್ಯವೂ ಬಂತು. ಇದು ಸಂತೋಷದ ಸಂಗತಿ. ಹೀಗಿದ್ದರೂ ವೀಸಾ ಬೇಕಾಗುವವರೆಗೆ ನೋಂದಣಿಯ ನೆನಪೇ ಬಾರದ ಮನೆಗಳು ನಮ್ಮಲ್ಲಿ ಹೇರಳವಾಗಿವೆ. ಪರದೇಶದ ವರನು ಮದುವೆಯಾಗಿ ಹೋದವನು ಮತ್ತೆ ಮುಖ ತೋರಿಸದಿದ್ದಾಗ ಮಾತ್ರ, ಕೈಯಲ್ಲಿ ಒಂದು ಕಾಗದವೂ ಇಲ್ಲವೆಂಬುದು ಹೆತ್ತವರ ಅರಿವಿಗೆ ಬರುತ್ತದೆ.

ಅನಿವಾಸಿಗಳ ಮದುವೆಗಳನ್ನು ಕುರಿತು ಕೇಂದ್ರದ ಕಾನೂನು ಆಯೋಗವು 2024ರ ಫೆಬ್ರವರಿಯಲ್ಲಿ ತನ್ನ 287ನೆಯ ವರದಿಯನ್ನು ಕೊಟ್ಟಿದೆ. ಆಗಿನ ಆಯೋಗದ ಅಧ್ಯಕ್ಷರು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಋತುರಾಜ್ ಅವಸ್ಥಿಯವರು. ಅನಿವಾಸಿ ಭಾರತೀಯನಿಗೂ ಭಾರತದ ಪ್ರಜೆಗೂ ನಡೆಯುವ ವಿವಾಹವನ್ನು ಇಲ್ಲಿಯೇ ಕಡ್ಡಾಯವಾಗಿ ನೋಂದಾಯಿಸಬೇಕು, ವಿವಾಹಿತನೆಂಬುದು ಪಾಸ್‌ಪೋರ್ಟಿನಲ್ಲಿ ನಮೂದಾಗಬೇಕು, ಗಂಡನ ಪಾಸ್‌ಪೋರ್ಟು ಹೆಂಡತಿಯದಕ್ಕೂ ಹೆಂಡತಿಯದು ಗಂಡನದಕ್ಕೂ ಕೊಂಡಿಯಾಗಿರಬೇಕು ಎಂಬ ಸಲಹೆಗಳು ಅದರಲ್ಲಿವೆ. 2019ರಲ್ಲಿ ರಾಜ್ಯಸಭೆಗೆ ತಂದಿದ್ದ ಮಸೂದೆಯನ್ನು ವಿಸ್ತರಿಸುವಂತೆ ಆಯೋಗವು ಕೇಳಿದೆ. ಪಾರ್ಲಿಮೆಂಟಿನಲ್ಲಿ ಕರ್ನಾಟಕದಿಂದ ಹೋದ ಸದಸ್ಯರು ಪಕ್ಷಭೇದವನ್ನು ಬದಿಗಿಟ್ಟು ಈ ಮಸೂದೆಯನ್ನು ಕೈಗೆತ್ತಿಕೊಳ್ಳಬೇಕೆಂದು ನಾವು ಕೇಳುವೆವು. ಹೆಣ್ಣುಗಳನ್ನು ಪರದೇಶಕ್ಕೆ ಕೊಡುವ ನಾಡುಗಳಲ್ಲಿ ನಮ್ಮದು ಹಿಂದೆ ಬಿದ್ದಿಲ್ಲ.

ಮಸೂದೆಯು ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಇದೆ. ಪ್ರತಿಯೊಂದು ಜಿಲ್ಲೆಯ ನೋಂದಣಿ ಕಚೇರಿಯಲ್ಲಿಯೂ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಸಿಗುವಂತಾಗಬೇಕು. ಪರದೇಶದ ವೀಸಾಕ್ಕೆ ಯಾವ ಪತ್ರಗಳು ಬೇಕು, ಹೆಸರುಗಳು ಎಲ್ಲೆಲ್ಲಿ ಹೊಂದಬೇಕು, ಷರತ್ತಿನ ವಾಸವೆಂದರೇನು, ಕಷ್ಟಕ್ಕೆ ಸಿಕ್ಕಿದವಳು ನಮ್ಮ ರಾಯಭಾರ ಕಚೇರಿಯಲ್ಲಿ ಯಾರನ್ನು ಕಾಣಬೇಕು ಎಂಬಿಷ್ಟು ಅದರಲ್ಲಿದ್ದರೆ ಸಾಕು. ಇಂದು ಈ ತಿಳಿವಳಿಕೆಯನ್ನು ದಲ್ಲಾಳಿಗಳು ಸಾವಿರಾರು ರೂಪಾಯಿಗೆ ಮಾರುತ್ತಿದ್ದಾರೆ. ಹಾಳೆಯ ಅಚ್ಚಿನ ಖರ್ಚು ಒಂದು ಮಂತ್ರಿಯ ಒಂದು ದಿನದ ಪ್ರವಾಸದ ಖರ್ಚನ್ನು ಮೀರದು. ಅದಕ್ಕೆ ದೆಹಲಿಯ ಅಪ್ಪಣೆಯೂ ಬೇಕಿಲ್ಲ.